ಹಳೇ ಡ್ರೈವ್‌ನಲ್ಲಿ ಸರಿ ಇದ್ದ ಡ್ರೈವರ್ ಹೊಸದರಲ್ಲಿ ಯಾಕೆ ಕೈಕೊಡುತ್ತದೆ?

ಪ್ರಶ್ನೆ: ನಾನು ಒಂದು ಸಣ್ಣ ಆಪರೇಟಿಂಗ್ ಸಿಸ್ಟಮ್‌ನ ಎನ್‌ವಿಎಂಇ ಡ್ರೈವರ್, ಅಂದರೆ ಎನ್‌ವಿಎಂಇ ಮಾನದಂಡದ ಎಸ್‌ಎಸ್‌ಡಿಗಳ ಜೊತೆ ಮಾತಾಡುವ ಕೋಡ್, ನೋಡಿಕೊಳ್ಳುತ್ತೇನೆ. ಅದನ್ನು ಬರೆದವರು ಕೆಲಸ ಬಿಟ್ಟು ಹೋಗಿದ್ದಾರೆ. ಮೂರು ವರ್ಷದಿಂದ ಒಂದೇ ಮಾಡೆಲ್ ಎಸ್‌ಎಸ್‌ಡಿ ಮೇಲೆ ತೊಂದರೆ ಇಲ್ಲದೆ ಓಡಿದೆ. ಈಗ ಆ ಮಾಡೆಲ್ ಸಿಗುತ್ತಿಲ್ಲ. ಬೇರೆ ಎರಡು ಮಾಡೆಲ್ ಹಾಕಿ ಪರೀಕ್ಷೆ ಮಾಡುತ್ತಿದ್ದೇವೆ. ಒಂದರಲ್ಲಿ 128 ಕೆಬಿಗಿಂತ ದೊಡ್ಡ ರೈಟ್ ಹೋದಾಗಲೆಲ್ಲ ‘ಇನ್‌ವ್ಯಾಲಿಡ್ ಫೀಲ್ಡ್’ ಎರರ್ ಬರುತ್ತದೆ. ರೀಸೆಟ್ ಮಾಡಿದರೆ ಕೆಲವೊಮ್ಮೆ ಅದು ಏಳುವುದೇ ಇಲ್ಲ. ಇನ್ನೊಂದು ಚೆನ್ನಾಗಿ ಓಡುತ್ತದೆ. ಆದರೆ ಪವರ್ ಕಿತ್ತು ನೋಡಿದಾಗ ಎರಡು ಸಲ ಫೈಲ್‌ಸಿಸ್ಟಮ್‌ನ ಜರ್ನಲ್ (ಬದಲಾವಣೆಗಳನ್ನು ಮೊದಲು ಬರೆದಿಡುವ ದಾಖಲೆ) ಕೆಟ್ಟಿತ್ತು. ಲಾಗ್ ನೋಡಿದರೆ ಫ್ಲಷ್ (ಕ್ಯಾಶ್‌ನಲ್ಲಿರುವುದನ್ನು ಡಿಸ್ಕ್‌ಗೆ ಬರೆ ಎನ್ನುವ ಕಮಾಂಡ್) ಯಶಸ್ವಿ ಎಂದೇ ಇದೆ. ಜೊತೆಯಲ್ಲಿ ಕೆಲಸ ಮಾಡುವವರು ‘ಡ್ರೈವ್‌ಗಳೇ ಸರಿ ಇಲ್ಲ, ಮಾಡೆಲ್ ಹೆಸರು ನೋಡಿ ಕ್ವರ್ಕ್ ಹಾಕು’ ಅನ್ನುತ್ತಾರೆ, ಅಂದರೆ ಆ ಮಾಡೆಲ್‌ಗೆಂದೇ ವಿಶೇಷ ಕೋಡ್. ಮ್ಯಾನೇಜರ್ ‘ಓಡುವ ಕೋಡ್ ಮುಟ್ಟಬೇಡ’ ಅನ್ನುತ್ತಾರೆ. ನಾನು ಸ್ಪೆಕ್ (ಎನ್‌ವಿಎಂಇ ಮಾನದಂಡದ ದಾಖಲೆ) ಹಿಡಿದು ಕೂತರೆ ನಮ್ಮ ಕೋಡ್‌ನಲ್ಲೇ ತಪ್ಪು ಕಾಣುತ್ತಿದೆ. ಡ್ರೈವ್ ಕೊಡುವ ಸ್ಟೇಟಸ್‌ನಲ್ಲಿ ಎಂಟು ಬಿಟ್ ಮಾತ್ರ ನೋಡುತ್ತೇವೆ. ಬ್ಲಾಕ್‌ಗಳಿಗೆ ಸೊನ್ನೆ ತುಂಬುವ ರೈಟ್ ಝೀರೋಸ್ ಕಮಾಂಡ್‌ನಲ್ಲಿ ಬ್ಲಾಕ್ ಲೆಕ್ಕದಿಂದ ಒಂದು ಕಳೆದಿಲ್ಲ. ಎಲ್ಲಿಂದ ಶುರು ಮಾಡಲಿ? ಸರಿಪಡಿಸಲು ಹೋಗಿ ಹಳೇ ಗ್ರಾಹಕರ ಡ್ರೈವ್‌ಗಳು ಕೆಟ್ಟರೆ ಏನು ಗತಿ?

ಉತ್ತರ: ಮೊದಲು ಒಂದು ಮಾತು. ಪವರ್ ಹೋದಾಗ ಜರ್ನಲ್ ಕೆಡಿಸಿದ ಆ ಎರಡನೇ ಮಾಡೆಲ್ ಅನ್ನು ಸದ್ಯಕ್ಕೆ ಯಾರಿಗೂ ಕಳಿಸಬೇಡಿ. ಮೊದಲನೆಯದು ಎರರ್ ಕೊಟ್ಟು ಕೂಗಿ ಹೇಳುತ್ತಿದೆ. ಎರಡನೆಯದು ಬಾಯಿ ಬಿಡದೆ ಡೇಟಾ ಕಳೆಯುತ್ತಿದೆ. ಅದಕ್ಕೇ ನಾನು ನಿಮ್ಮ ಕ್ರಮವನ್ನು ತಿರುಗಿಸಿ, ಕೊನೆಯ ತೊಂದರೆಯಿಂದ ಶುರು ಮಾಡುತ್ತೇನೆ.

ನಿಮ್ಮ ಪತ್ರದಲ್ಲಿ ಎರಡು ಆತಂಕ ಇದೆ. ತಪ್ಪು ಡ್ರೈವ್‌ನದೋ ನಮ್ಮದೋ ಅನ್ನುವುದು ಒಂದು. ನಮ್ಮದೇ ಆದರೆ, ಅದನ್ನು ಮುಟ್ಟಿದ ಮೇಲೆ ಈಗ ಓಡುತ್ತಿರುವುದು ನಿಂತುಹೋದರೆ ಅನ್ನುವುದು ಇನ್ನೊಂದು. ಎರಡೂ ಸುಮ್ನೆ ಹುಟ್ಟಿದ ಭಯವಲ್ಲ. ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ಮೂರೂ ಕಡೆ ಡ್ರೈವರ್ ಮೇಲೇ ನನ್ನ ಅನುಮಾನ. ‘ಮೂರು ವರ್ಷ ಓಡಿದೆ’ ಅನ್ನುವುದರಿಂದ ತಿಳಿಯುವುದು ಇಷ್ಟೇ: ಆ ಒಂದು ಮಾಡೆಲ್, ಆ ಒಂದು ಫರ್ಮ್‌ವೇರ್, ನಿಮ್ಮ ಡ್ರೈವರ್‌ನ ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಂಡಿತ್ತು. ಡ್ರೈವರ್ ಸ್ಪೆಕ್ ಪ್ರಕಾರ ಇದೆ ಎಂದು ಅದರಿಂದ ಗೊತ್ತಾಗುವುದಿಲ್ಲ.

ಈಗ ಫ್ಲಷ್ ವಿಷಯ. ‘ಫ್ಲಷ್ ಯಶಸ್ವಿ ಆಯಿತು, ಅಂದರೆ ಅದಕ್ಕಿಂತ ಮೊದಲು ಕಳಿಸಿದ್ದೆಲ್ಲ ಡಿಸ್ಕ್ ಸೇರಿತು’ ಎಂದು ತುಂಬಾ ಜನ ನಂಬಿದ್ದಾರೆ. ಎನ್‌ವಿಎಂಇ ಸ್ಪೆಕ್ ಹಾಗೆ ಹೇಳುವುದಿಲ್ಲ. ಫ್ಲಷ್ ಕಮಾಂಡ್ ಕ್ಯೂಗೆ ಹೋಗುವ ಹೊತ್ತಿಗೆ ಯಾವ ರೈಟ್‌ಗಳು ಮುಗಿದಿವೆಯೋ, ಅಂದರೆ ಕಂಟ್ರೋಲರ್ (ಡ್ರೈವ್ ಒಳಗಿನ ನಿಯಂತ್ರಕ ಚಿಪ್) ಯಾವುದಕ್ಕೆ ಕಂಪ್ಲೀಶನ್, ಅಂದರೆ ‘ಮುಗಿಯಿತು’ ಎಂಬ ಉತ್ತರ, ಕೊಟ್ಟಿದೆಯೋ, ಅವುಗಳಿಗೆ ಮಾತ್ರ ಅದರ ಭರವಸೆ. ಕಳಿಸಿ ಇನ್ನೂ ಉತ್ತರ ಬಂದಿಲ್ಲದ ರೈಟ್‌ಗಳನ್ನು ಡ್ರೈವ್ ಸೇರಿಸಿಕೊಳ್ಳಬಹುದು, ಬಿಡಲೂಬಹುದು. ಕ್ಯೂನಲ್ಲಿ ಮುಂದೆ ನಿಂತ ಕಮಾಂಡ್ ಮೊದಲು ಮುಗಿಯಲೇಬೇಕು ಅನ್ನುವ ನಿಯಮವೂ ಇಲ್ಲ. ಹಳೇ ಡ್ರೈವ್ ಬಹುಶಃ ಬಂದ ಕ್ರಮದಲ್ಲೇ ಕೆಲಸ ಮಾಡುತ್ತಿತ್ತು. ಅಥವಾ ಪವರ್ ಹೋದ ಮೇಲೂ ಕ್ಯಾಶ್ ಖಾಲಿ ಮಾಡುವಷ್ಟು ಕೆಪಾಸಿಟರ್ ಅದರಲ್ಲಿತ್ತು. ಹೊಸದು ಹಾಗಿಲ್ಲ, ಅಷ್ಟೇ. ತಪ್ಪು ಮೂರು ವರ್ಷವೂ ಅಲ್ಲೇ ಇತ್ತು, ಬೂದಿ ಮುಚ್ಚಿದ ಕೆಂಡದ ಹಾಗೆ.

ಹಾಗಾಗಿ ನಿಮ್ಮ ಕೋಡ್‌ನಲ್ಲಿ ಮೊದಲು ಹುಡುಕಬೇಕಾದದ್ದು ಇದು: ಮೇಲಿನ ಪದರದಿಂದ ಫ್ಲಷ್ ಕೋರಿಕೆ ಬಂದಾಗ ಡ್ರೈವರ್ ಏನು ಮಾಡುತ್ತದೆ? ಬಾಕಿ ಇರುವ ರೈಟ್‌ಗಳು ಮುಗಿಯುವವರೆಗೆ ಕಾಯುತ್ತದಾ, ಇಲ್ಲ ಅವುಗಳ ಹಿಂದೆಯೇ ಫ್ಲಷ್ ಕಳಿಸಿಬಿಡುತ್ತದಾ? ಕಾಯುವ ಹೊಣೆ ಯಾರದು ಅನ್ನುವುದು ನಿಮ್ಮ ಸಿಸ್ಟಮ್‌ನ ಒಳ ಒಪ್ಪಂದ. ಲಿನಕ್ಸ್ ಈ ಗೊಂದಲವನ್ನೇ ಅನುಭವಿಸಿ, 2.6.37 ಆವೃತ್ತಿಯಲ್ಲಿ, ರೈಟ್‌ಗಳ ಕ್ರಮವನ್ನು ಕೆಳಗಿನ ಪದರವೇ ಕಾಯುವ ಹಳೇ ಬ್ಯಾರಿಯರ್ ಪದ್ಧತಿ ಬಿಟ್ಟಿತು. ಅಲ್ಲಿಂದ ಮುಂದೆ ಬೇಕಾದ ರೈಟ್‌ಗಳು ಮುಗಿಯುವವರೆಗೆ ಕಾಯುವುದು ಫೈಲ್‌ಸಿಸ್ಟಮ್‌ನ ಕೆಲಸ. ಫ್ಲಷ್ ಬರೀ ಕ್ಯಾಶ್ ಖಾಲಿ ಮಾಡಲು, ಎಫ್‌ಯುಎ ಬಿಟ್ ಬರೀ ಆ ಒಂದು ರೈಟ್ ಕ್ಯಾಶ್‌ನಲ್ಲಿ ನಿಲ್ಲದೆ ಡಿಸ್ಕ್ ಸೇರಲು. ನಿಮ್ಮಲ್ಲಿ ಫೈಲ್‌ಸಿಸ್ಟಮ್ ಬರೆದವರು ಡ್ರೈವರ್ ಕಾಯುತ್ತದೆ ಅಂದುಕೊಂಡು, ಡ್ರೈವರ್ ಬರೆದವರು ಫೈಲ್‌ಸಿಸ್ಟಮ್ ಕಾಯುತ್ತದೆ ಅಂದುಕೊಂಡಿರಬಹುದು. ನಾನು ನೋಡಿದ ಇಂಥ ಕೇಸ್‌ಗಳಲ್ಲಿ ಹೆಚ್ಚಿನವು ಹೀಗೇ ಆಗಿದ್ದವು. ಎರಡೂ ಕಡೆಯ ಕೋಡ್ ಒಂದೊಂದಾಗಿ ಓದಿದರೆ ಸರಿಯಾಗೇ ಕಾಣುತ್ತದೆ. ತಪ್ಪು ಇರುವುದು ನಡುವೆ.

ಇದರ ಜೊತೆಗೆ ಇನ್ನು ಎರಡು ನೋಡಿ. ಫ್ಲಷ್ ಕಮಾಂಡ್‌ನಲ್ಲಿ ನೇಮ್‌ಸ್ಪೇಸ್ (ಡ್ರೈವ್‌ನ ಜಾಗದ ಒಂದು ಭಾಗ) ಐಡಿ ಏನು ಹೋಗುತ್ತಿದೆ? ಸೊನ್ನೆ ಹೋಗುತ್ತಿದ್ದರೆ ಅದು ತಪ್ಪು. ಎಲ್ಲ ಬಿಟ್ ಒಂದಾಗಿರುವ ಐಡಿ, ಅಂದರೆ ‘ಎಲ್ಲ ನೇಮ್‌ಸ್ಪೇಸ್‌ಗೂ’ ಅನ್ನುವುದು, ಫ್ಲಷ್‌ನಲ್ಲಿ ನಡೆಯುತ್ತದಾ ಎಂದು ಖಚಿತವಾಗಿ ಹೇಳುವ ವ್ಯವಸ್ಥೆ ಬಂದದ್ದು 1.4 ಆವೃತ್ತಿಯಲ್ಲಿ. ಒಂದೊಂದು ನೇಮ್‌ಸ್ಪೇಸ್‌ಗೂ ಬೇರೆಬೇರೆಯಾಗಿ ಕಳಿಸುವುದೇ ಸುರಕ್ಷಿತ. ಎರಡನೆಯದು, ಡ್ರೈವ್ ತನ್ನ ಬಗ್ಗೆ ತಾನೇ ಕೊಡುವ ವಿವರದ, ಅಂದರೆ ಐಡೆಂಟಿಫೈ ಕಂಟ್ರೋಲರ್ ಡೇಟಾದ, 525ನೇ ಬೈಟ್. ಅದರ ಮೊದಲ ಬಿಟ್ ಒಂದಾಗಿದ್ದರೆ ಡ್ರೈವ್‌ನಲ್ಲಿ ಪವರ್ ಹೋದರೆ ಅಳಿಸಿಹೋಗುವ ರೈಟ್ ಕ್ಯಾಶ್ ಇದೆ ಎಂದು ಅರ್ಥ. ಹಳೇ ಮಾಡೆಲ್‌ನಲ್ಲಿ ಅದು ಸೊನ್ನೆ, ಹೊಸದರಲ್ಲಿ ಒಂದು ಇದ್ದರೆ, ಅರ್ಧ ಕಥೆ ಅಲ್ಲೇ ಸಿಕ್ಕಿತು.

‘ಹಾಗಾದರೆ ರೈಟ್ ಕ್ಯಾಶ್ ಆಫ್ ಮಾಡಿದರೆ ಆಯಿತಲ್ಲ’ ಎಂದು ಯಾರಾದರೂ ಹೇಳುತ್ತಾರೆ. ಸೆಟ್ ಫೀಚರ್ಸ್‌ನ 6ನೇ ಫೀಚರ್‌ನಿಂದ ಅದನ್ನು ಮಾಡಬಹುದು, ನಿಜ. ಆದರೆ ನಿಮ್ಮ ತೊಂದರೆ ನಾನು ಮೇಲೆ ಹೇಳಿದ ಬಗೆಯದಾದರೆ ಅದರಿಂದ ಗುಣವಾಗುವುದಿಲ್ಲ. ಕ್ಯಾಶ್ ಇಲ್ಲದಿದ್ದರೆ ಫ್ಲಷ್‌ಗೆ ಮಾಡಲು ಏನೂ ಕೆಲಸ ಇರುವುದಿಲ್ಲ, ತಕ್ಷಣ ‘ಆಯಿತು’ ಅನ್ನುತ್ತದೆ. ಹಿಂದಿನ ರೈಟ್ ಇನ್ನೂ ಕ್ಯೂನಲ್ಲೇ ಇರುತ್ತದೆ. ಫೈಲ್‌ಸಿಸ್ಟಮ್ ಆ ಉತ್ತರ ನಂಬಿ ಜರ್ನಲ್‌ನ ಕಮಿಟ್ ಬ್ಲಾಕ್ ಬರೆದುಬಿಡುತ್ತದೆ. ಆ ಕ್ಷಣ ಪವರ್ ಹೋದರೆ ಕಮಿಟ್ ಇದೆ, ಡೇಟಾ ಇಲ್ಲ. ಎಫ್‌ಯುಎ ಬಿಟ್ ಹಾಕಿದರೂ ಇದೇ ಕಥೆ. ಅದು ಆ ಒಂದು ರೈಟ್‌ನ ಭರವಸೆ ಮಾತ್ರ, ಹಿಂದಿನವುಗಳದ್ದಲ್ಲ.

ಸರಿಯಾದ ಮದ್ದು ಕಷ್ಟದ್ದೇನಲ್ಲ. ಫ್ಲಷ್ ಬಂದರೆ ಅದಕ್ಕಿಂತ ಮೊದಲಿನ ರೈಟ್‌ಗಳ ಕಂಪ್ಲೀಶನ್ ಬರುವವರೆಗೆ ಅದನ್ನು ಹಿಡಿದಿಡಿ, ಆಮೇಲೆ ಕಳಿಸಿ. ನಿಮ್ಮಲ್ಲಿ ಹಲವು ಕ್ಯೂ ಇದ್ದರೆ ಎಲ್ಲ ಕ್ಯೂಗಳ ರೈಟ್‌ಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇದನ್ನು ಮರೆಯುವವರು ಜಾಸ್ತಿ. ಇದಕ್ಕೆ ಬೆಲೆಯೂ ಇದೆ. ಸಿಂಕ್ ಜಾಸ್ತಿ ಮಾಡುವ ಕೆಲಸಗಳು ನಿಧಾನವಾಗುತ್ತವೆ. ಆ ಮಾತನ್ನು ಪ್ಯಾಚ್ ಕಳಿಸುವ ಮೊದಲೇ ಮ್ಯಾನೇಜರ್‌ಗೆ ಹೇಳಿಬಿಡಿ, ಅಂಕಿ ಸಮೇತ. ಹಿಂದಿನ ವೇಗ ಬಂದಿದ್ದು ಮಾಡಬೇಕಾದ ಕೆಲಸ ಬಿಟ್ಟಿದ್ದರಿಂದ. ಇದನ್ನು ಮೊದಲೇ ಹೇಳದಿದ್ದರೆ ನಿಮ್ಮ ಪ್ಯಾಚ್ ‘ಡ್ರೈವರ್ ನಿಧಾನ ಮಾಡಿದ ಪ್ಯಾಚ್’ ಎಂದು ಹೆಸರಾಗಿ, ಯಾರಾದರೂ ಅದನ್ನು ವಾಪಸ್ ತೆಗೆಯುತ್ತಾರೆ. ಹಾಗೆ ಆಗಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

128 ಕೆಬಿ ತೊಂದರೆಗೆ ಬರೋಣ. ಒಂದು ಕಮಾಂಡ್‌ನಲ್ಲಿ ಎಷ್ಟು ಡೇಟಾ ಕಳಿಸಬಹುದು ಎಂದು ಡ್ರೈವ್ ತಾನೇ ಹೇಳುತ್ತದೆ. ಐಡೆಂಟಿಫೈ ಡೇಟಾದ ಎಂಡಿಟಿಎಸ್ ಎಂಬ ಒಂದು ಬೈಟ್‌ನಲ್ಲಿ ಅದು ಇರುತ್ತದೆ. ಅದು ನೇರ ಸಂಖ್ಯೆ ಅಲ್ಲ, ಎರಡರ ಘಾತ. ಅಳತೆಯ ಮಾನ ಕಂಟ್ರೋಲರ್‌ನ ಅತಿ ಚಿಕ್ಕ ಮೆಮೊರಿ ಪೇಜ್. ಪೇಜ್ 4 ಕೆಬಿ, ಎಂಡಿಟಿಎಸ್ 5 ಆದರೆ 32 ಪೇಜ್, ಅಂದರೆ ಸರಿಯಾಗಿ 128 ಕೆಬಿ. ಸೊನ್ನೆ ಇದ್ದರೆ ಮಿತಿಯೇ ಇಲ್ಲ ಎಂದು ಅರ್ಥ. ಹಳೇ ಮಾಡೆಲ್‌ನಲ್ಲಿ ಸೊನ್ನೆಯೋ ದೊಡ್ಡ ಸಂಖ್ಯೆಯೋ ಇತ್ತು, ನಿಮ್ಮ ಡ್ರೈವರ್ ಈ ಬೈಟ್ ಓದುವುದೇ ಇಲ್ಲ ಎಂದು ನನ್ನ ಊಹೆ. ಮಿತಿ ಮೀರಿದ ಕಮಾಂಡ್‌ಗೆ ‘ಇನ್‌ವ್ಯಾಲಿಡ್ ಫೀಲ್ಡ್’ ಎಂದು ಉತ್ತರಿಸುವುದು ಸ್ಪೆಕ್ ಹೇಳಿದ ನಡವಳಿಕೆಯೇ. ಪಾಪ, ಡ್ರೈವ್ ಸರಿಯಾಗೇ ಇದೆ. ಇದಕ್ಕೆ ಮಾಡೆಲ್ ಹೆಸರಿನ ಕ್ವರ್ಕ್ ಹಾಕಿದರೆ ಮುಂದಿನ ಮಾಡೆಲ್‌ಗೆ ಇನ್ನೊಂದು, ಅದರ ಮುಂದಿನದಕ್ಕೆ ಮತ್ತೊಂದು. ಆ ಬೈಟ್ ಓದಿ, ದೊಡ್ಡ ಕೋರಿಕೆಯನ್ನು ತುಂಡು ಮಾಡಿ ಕಳಿಸಿ. ಲೆಕ್ಕ ಹಾಕುವಾಗ ನೀವು ಆರಿಸಿಕೊಂಡ ಹೋಸ್ಟ್ ಪೇಜ್ ಗಾತ್ರ ಬಳಸಬೇಡಿ, ಕ್ಯಾಪ್ ರಿಜಿಸ್ಟರ್ (ಕಂಟ್ರೋಲರ್ ತನ್ನ ಸಾಮರ್ಥ್ಯ ಹೇಳುವ ಜಾಗ) ಹೇಳುವ ಕನಿಷ್ಠ ಪೇಜ್ ಗಾತ್ರ ಬಳಸಿ. ಈಗ ಎರಡೂ 4 ಕೆಬಿ ಇದ್ದರೆ ತಪ್ಪು ಕಾಣುವುದಿಲ್ಲ. 64 ಕೆಬಿ ಪೇಜ್ ಬಳಸುವ ಪ್ರೊಸೆಸರ್‌ಗೆ ಹೋದ ದಿನ ಕಾಣುತ್ತದೆ.

ಊಹೆ ಸಾಕಾಗುವುದಿಲ್ಲ, ಸಾಕ್ಷಿ ಬೇಕು ಅಲ್ವಾ? ಎನ್‌ವಿಎಂಇಯಲ್ಲಿ ಅದಕ್ಕೊಂದು ಒಳ್ಳೇ ದಾರಿ ಇದೆ, ಬಹಳ ಜನ ಬಳಸುವುದಿಲ್ಲ. 1ನೇ ನಂಬರಿನ ಲಾಗ್ ಪೇಜ್, ಎರರ್ ಇನ್ಫರ್ಮೇಶನ್ ಲಾಗ್. ಅದರ ಪ್ರತಿ ದಾಖಲೆಯಲ್ಲೂ ‘ಕಮಾಂಡ್‌ನ ಎಷ್ಟನೇ ಬೈಟ್, ಎಷ್ಟನೇ ಬಿಟ್ ನನಗೆ ಸರಿಬರಲಿಲ್ಲ’ ಎಂದು ಹೇಳುವ ಜಾಗ ಇದೆ. ಎಲ್ಲ ಡ್ರೈವ್‌ಗಳೂ ಅದನ್ನು ನಿಷ್ಠೆಯಿಂದ ತುಂಬುವುದಿಲ್ಲ. ತುಂಬಿದ್ದರೆ ಮಾತ್ರ ವಾರದ ಕೆಲಸ ಒಂದು ಗಂಟೆಗೆ ಇಳಿಯುತ್ತದೆ. ಉದಾಹರಣೆಗೆ 48ನೇ ಬೈಟ್ ತೋರಿಸಿದರೆ, ರೈಟ್ ಕಮಾಂಡ್‌ನಲ್ಲಿ ಅದು ಬ್ಲಾಕ್ ಎಣಿಕೆಯ ಜಾಗ. ಜೊತೆಗೆ ಕಳಿಸಿದ 64 ಬೈಟ್ ಕಮಾಂಡ್, ಬಂದ 16 ಬೈಟ್ ಕಂಪ್ಲೀಶನ್, ಎರಡನ್ನೂ ಹಸಿಯಾಗಿ ಪ್ರಿಂಟ್ ಮಾಡಿ ಸ್ಪೆಕ್ ಪಕ್ಕ ಇಟ್ಟು ಒಂದೊಂದೇ ಫೀಲ್ಡ್ ಓದಿ. ‘ತಪ್ಪು ಯಾರದು’ ಅನ್ನುವ ಜಗಳ ಬಹಳ ಸಲ ಅಲ್ಲೇ ಮುಗಿಯುತ್ತದೆ.

ರೀಸೆಟ್ ಆದ ಮೇಲೆ ಏಳದಿರುವುದಕ್ಕೆ ಸಾಮಾನ್ಯ ಕಾರಣ ಎರಡು. ಕೋಡ್‌ನಲ್ಲಿ ಯಾರೋ ‘ಎರಡು ಸೆಕೆಂಡ್ ಕಾಯಿ’ ಎಂದು ಬರೆದಿರುತ್ತಾರೆ. ಎಷ್ಟು ಕಾಯಬೇಕು ಎಂದು ಕ್ಯಾಪ್ ರಿಜಿಸ್ಟರ್‌ನ ಟೈಮೌಟ್ ಫೀಲ್ಡ್ ಹೇಳುತ್ತದೆ, ಅರ್ಧ ಸೆಕೆಂಡಿನ ಲೆಕ್ಕದಲ್ಲಿ. ಎಂಟು ಬಿಟ್ ಇರುವುದರಿಂದ ಅದು 127.5 ಸೆಕೆಂಡ್‌ವರೆಗೂ ಹೋಗಬಹುದು. ಇನ್ನೊಂದು ಕಾರಣ, ಎನೇಬಲ್ ಬಿಟ್ ತೆಗೆದ ಮೇಲೆ ರೆಡಿ ಬಿಟ್ ಸೊನ್ನೆ ಆಗುವವರೆಗೆ ಕಾಯದೆ ಮತ್ತೆ ಎನೇಬಲ್ ಮಾಡುವುದು. ಹಾಗೆ ಮಾಡಿದರೆ ಏನಾಗುತ್ತದೆ ಎಂದು ಸ್ಪೆಕ್ ಭರವಸೆ ಕೊಡುವುದಿಲ್ಲ. ಹೊಸ ಸ್ಪೆಕ್‌ನಲ್ಲಿ ಕಾಯುವ ಹೊತ್ತಿಗೇ ಇನ್ನೊಂದು ರಿಜಿಸ್ಟರ್ ಬಂದಿದೆ. ಕೆಲವು ಡ್ರೈವ್‌ಗಳು ಅದರಲ್ಲಿ ತಪ್ಪು ಸಂಖ್ಯೆ ಇಡುತ್ತವೆ. ಅದಕ್ಕೇ ಲಿನಕ್ಸ್ ಡ್ರೈವರ್ ಎರಡರಲ್ಲಿ ದೊಡ್ಡದನ್ನು ಹಿಡಿಯುತ್ತದೆ. ನೀವೂ ಹಾಗೇ ಮಾಡಿ.

ನೀವಾಗಿ ಕಂಡುಹಿಡಿದ ಎರಡು ತಪ್ಪುಗಳ ಬಗ್ಗೆ ನನಗೆ ಹೆಚ್ಚು ಕಾಳಜಿ ಇದೆ. ರೈಟ್ ಝೀರೋಸ್‌ನದನ್ನು ಇವತ್ತೇ ಸರಿಪಡಿಸಿ. ಎನ್‌ವಿಎಂಇಯಲ್ಲಿ ಹಲವು ಎಣಿಕೆಗಳು ಸೊನ್ನೆಯಿಂದ ಶುರುವಾಗುತ್ತವೆ. ಬ್ಲಾಕ್ ಎಣಿಕೆಯಲ್ಲಿ ಸೊನ್ನೆ ಅಂದರೆ ಒಂದು ಬ್ಲಾಕ್. ರೀಡ್, ರೈಟ್‌ನಲ್ಲಿ ಈ ತಪ್ಪಾದರೆ ಮೊದಲ ದಿನವೇ ಗೊತ್ತಾಗುತ್ತದೆ. ರೈಟ್ ಝೀರೋಸ್‌ನಲ್ಲಿ ಡೇಟಾ ಬಫರೇ ಇಲ್ಲ. 8 ಬ್ಲಾಕ್ ಅಳಿಸು ಎಂದರೆ ಡ್ರೈವ್ ಸದ್ದಿಲ್ಲದೆ 9 ಅಳಿಸುತ್ತದೆ. ಒಂಬತ್ತನೆಯದು ಬೇರೆ ಯಾರದೋ ಫೈಲ್ ಆಗಿರಬಹುದು. ಮೂರು ವರ್ಷ ಇದು ಯಾಕೆ ಗೊತ್ತಾಗಲಿಲ್ಲ? ಹಳೇ ಮಾಡೆಲ್‌ಗೆ ಈ ಕಮಾಂಡೇ ಇರಲಿಲ್ಲ, ಆ ದಾರಿಯಲ್ಲಿ ಕೋಡ್ ಓಡಿಯೇ ಇಲ್ಲ ಎಂದಿರಬಹುದು. ಐಡೆಂಟಿಫೈಯಲ್ಲಿ ಐಚ್ಛಿಕ ಕಮಾಂಡ್‌ಗಳ ಫೀಲ್ಡ್ ನೋಡಿ. ಬಿಟ್‌ಗಳನ್ನು ಸೊನ್ನೆಯಿಂದ ಎಣಿಸಿದರೆ ಮೂರನೆಯದು ರೈಟ್ ಝೀರೋಸ್‌ನದು.

ಸರಿಪಡಿಸುವಾಗ ಒಂದು ಎಚ್ಚರ. ‘ಎಲ್ಲ ಕಡೆ ಒಂದು ಕಳೆಯಬೇಕು’ ಎಂದು ಹುಡುಕಿ ಬದಲಿಸಲು ಹೋಗಬೇಡಿ. ಬ್ಲಾಕ್‌ಗಳನ್ನು ಬಿಟ್ಟುಕೊಡುವ ಡೇಟಾಸೆಟ್ ಮ್ಯಾನೇಜ್‌ಮೆಂಟ್ ಕಮಾಂಡ್‌ನಲ್ಲಿ ಎಷ್ಟು ರೇಂಜ್ ಇದೆ ಅನ್ನುವ ಎಣಿಕೆ ಸೊನ್ನೆಯಿಂದ ಶುರು. ಆದರೆ ಪ್ರತಿ ರೇಂಜ್ ಒಳಗಿನ ಬ್ಲಾಕ್‌ಗಳ ಎಣಿಕೆ ಮಾಮೂಲಿ ಎಣಿಕೆ. ಒಂದೇ ಕಮಾಂಡ್‌ನಲ್ಲಿ ಎರಡು ಬಗೆಯ ಲೆಕ್ಕ. ಬೇರೆ ಮಾನದಂಡಗಳಲ್ಲೂ ಇದು ಹೀಗೇ. ಸ್ಕಸಿ ಎಂಬ ಡಿಸ್ಕ್ ಮಾನದಂಡದ 6 ಬೈಟ್ ರೀಡ್‌ನಲ್ಲಿ ಉದ್ದ ಸೊನ್ನೆ ಅಂದರೆ 256 ಬ್ಲಾಕ್, 10 ಬೈಟ್ ರೀಡ್‌ನಲ್ಲಿ ಸೊನ್ನೆ ಅಂದರೆ ಏನೂ ಇಲ್ಲ. ಸ್ಕಸಿಯ ರೀಡ್ ಕೆಪಾಸಿಟಿ ಕೊಡುವುದು ಒಟ್ಟು ಬ್ಲಾಕ್‌ಗಳ ಸಂಖ್ಯೆಯಲ್ಲ, ಕೊನೆಯ ಬ್ಲಾಕ್‌ನ ವಿಳಾಸ. ಎಷ್ಟೋ ಯುಎಸ್‌ಬಿ ಸಾಧನಗಳನ್ನು ಮಾಡಿದವರೇ ಇದನ್ನು ತಪ್ಪಾಗಿ ಓದಿದ್ದಾರೆ. ಅವುಗಳಿಗಾಗಿಯೇ ಲಿನಕ್ಸ್‌ನಲ್ಲಿ ಕೆಪಾಸಿಟಿ ಸರಿಮಾಡುವ ಒಂದು ಫ್ಲ್ಯಾಗ್ ಇದೆ. ಫೀಲ್ಡ್ ಒಂದೊಂದನ್ನೂ ಸ್ಪೆಕ್‌ನ ಟೇಬಲ್ ಪಕ್ಕ ಇಟ್ಟೇ ನೋಡಬೇಕು, ಬೇರೆ ದಾರಿ ಇಲ್ಲ.

ಸ್ಟೇಟಸ್‌ನದ್ದೂ ಸಣ್ಣ ತಪ್ಪಲ್ಲ. ಎಂಟು ಬಿಟ್ ಕೋಡ್ ಜೊತೆ ಮೂರು ಬಿಟ್‌ನ ಟೈಪ್ ಸೇರಿಸಿದರೆ ಮಾತ್ರ ಅದಕ್ಕೆ ಅರ್ಥ. ಹೆಕ್ಸ್ 80 ಅನ್ನುವ ಕೋಡ್ ಒಂದು ಟೈಪ್‌ನಲ್ಲಿ ‘ವಿಳಾಸ ಡಿಸ್ಕ್‌ನ ಆಚೆ ಹೋಯಿತು’, ಇನ್ನೊಂದರಲ್ಲಿ ‘ರೈಟ್ ವಿಫಲ’. ಮೊದಲನೆಯದು ನಿಮ್ಮ ಬಗ್, ಎರಡನೆಯದು ಸಾಯುತ್ತಿರುವ ಡ್ರೈವ್. ಎರಡನ್ನೂ ಒಂದೇ ಎಂದು ಲಾಗ್ ಮಾಡುವ ಡ್ರೈವರ್ ಹಿಡಿದು ನೀವು ಏನನ್ನೂ ಪತ್ತೆ ಮಾಡಲಾರಿರಿ. ‘ಮತ್ತೆ ಪ್ರಯತ್ನಿಸಬೇಡ’ ಅನ್ನುವ ಬಿಟ್ ಅನ್ನೂ ಓದಿ. ನಿಜ ಹೇಳಬೇಕೆಂದರೆ ನಾನಾಗಿದ್ದರೆ ಎಲ್ಲಕ್ಕಿಂತ ಮೊದಲ ಪ್ಯಾಚ್ ಇದನ್ನೇ ಮಾಡುತ್ತಿದ್ದೆ. ಇದರಿಂದ ಡ್ರೈವರ್‌ನ ಲಾಗ್ ನಂಬಬಹುದಾದದ್ದು ಆಗುತ್ತದೆ, ಉಳಿದ ಕೆಲಸ ಅದರ ಮೇಲೆ ನಿಲ್ಲುತ್ತದೆ.

ಇನ್ನು ಕ್ವರ್ಕ್. ನಾನು ಅದರ ವಿರೋಧಿ ಅಲ್ಲ. ಸ್ಪೆಕ್ ಮುರಿಯುವ ಡ್ರೈವ್‌ಗಳು ನಿಜವಾಗಿಯೂ ಇವೆ. ಗ್ರಾಹಕರ ಕೈಯಲ್ಲಿರುವ ಡ್ರೈವ್‌ನ ಫರ್ಮ್‌ವೇರ್ ನಾವು ಬದಲಿಸಲಾಗುವುದಿಲ್ಲ. ಆದರೆ ಸಾಕ್ಷಿ ಇಲ್ಲದೆ ಹಾಕಿದ ಕ್ವರ್ಕ್ ಬರೀ ತೇಪೆ. ‘ಡ್ರೈವ್ ಇಂಥ ಬೈಟ್‌ನಲ್ಲಿ ಹೀಗೆ ಹೇಳಿತು, ಸ್ಪೆಕ್ ಹಾಗೆ ಹೇಳುತ್ತದೆ’ ಎಂದು ಒಂದು ವಾಕ್ಯ ಬರೆಯಲು ಆಗದಿದ್ದರೆ ಕ್ವರ್ಕ್ ಹಾಕಬೇಡಿ. ಹಾಕಿದರೆ ಫರ್ಮ್‌ವೇರ್ ಆವೃತ್ತಿಯನ್ನೂ ಸೇರಿಸಿ. ಒಂದೇ ಕಂಟ್ರೋಲರ್ ಚಿಪ್ ಹಲವು ಬ್ರ್ಯಾಂಡ್‌ಗಳ ಡ್ರೈವ್‌ನಲ್ಲಿ ಇರುತ್ತದೆ, ಹಾಗಾಗಿ ಬರೀ ಚಿಪ್‌ನ ಐಡಿ ನೋಡಿದರೆ ಸರಿ ಇರುವ ಡ್ರೈವ್‌ಗೂ ಶಿಕ್ಷೆ ಬೀಳುತ್ತದೆ. ಇನ್ನೊಂದು: ಮಾಡೆಲ್ ಹೆಸರು 40 ಬೈಟ್, ಉಳಿದ ಜಾಗದಲ್ಲಿ ಸ್ಪೇಸ್ ತುಂಬಿರುತ್ತದೆ, ಕೊನೆಯಲ್ಲಿ ಸೊನ್ನೆ ಬೈಟ್ ಇರುವುದಿಲ್ಲ. ಸಾಮಾನ್ಯ ಸ್ಟ್ರಿಂಗ್ ಹೋಲಿಕೆ ಮಾಡಿದರೆ ನಿಮ್ಮ ಕ್ವರ್ಕ್ ಯಾವತ್ತೂ ಹತ್ತುವುದೇ ಇಲ್ಲ.

ಈ ಡ್ರೈವರ್ ಬಿಟ್ಟು ಬೇರೆಯದನ್ನು ತರುವ ದಾರಿಯೂ ಇದೆ. ಫ್ರೀಬಿಎಸ್‌ಡಿಯ ಎನ್‌ವಿಎಂಇ ಡ್ರೈವರ್ ಬಿಎಸ್‌ಡಿ ಲೈಸೆನ್ಸ್‌ನಲ್ಲಿದೆ, ಎಸ್‌ಪಿಡಿಕೆ ಎಂಬ ಸ್ಟೋರೇಜ್ ಕೋಡ್ ಸಂಗ್ರಹ ಕೂಡ ಹಾಗೇ. ಲಿನಕ್ಸ್‌ನದು ಜಿಪಿಎಲ್, ನಿಮ್ಮ ಲೈಸೆನ್ಸ್‌ಗೆ ಹೊಂದುತ್ತದಾ ನೋಡಬೇಕು. ಆದರೆ ಡ್ರೈವರ್ ತಂದ ಮಾತ್ರಕ್ಕೆ ‘ಯಾರು ಕಾಯಬೇಕು’ ಅನ್ನುವ ಒಪ್ಪಂದ ಜೊತೆಗೆ ಬರುವುದಿಲ್ಲ. ನಿಮ್ಮ ಫೈಲ್‌ಸಿಸ್ಟಮ್ ಜೊತೆ ಅದೇ ಫ್ಲಷ್ ತೊಂದರೆ ಮತ್ತೆ ಹುಟ್ಟಬಹುದು. ಈಗಿನ ಡ್ರೈವರ್ ಸಣ್ಣದಿದ್ದರೆ ಅದನ್ನೇ ಸರಿಪಡಿಸುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ನಿಮ್ಮ ಮ್ಯಾನೇಜರ್ ಭಯವನ್ನು ತಳ್ಳಿಹಾಕಬೇಡಿ. ಹಿಂದೊಮ್ಮೆ ನಾನು ಟೈಮೌಟ್, ಸ್ಟೇಟಸ್, ಫ್ಲಷ್ ಎಲ್ಲವನ್ನೂ ಒಂದೇ ಪ್ಯಾಚ್‌ನಲ್ಲಿ ಸರಿಪಡಿಸಿದ್ದೆ. ಎಲ್ಲವೂ ಸ್ಪೆಕ್ ಪ್ರಕಾರವೇ ಇತ್ತು. ಒಂದು ಡ್ರೈವ್ ಬೂಟ್ ಆಗುವುದು ನಿಂತಿತು. ಯಾವ ಬದಲಾವಣೆಯಿಂದ ಎಂದು ಬಿಡಿಸಲು ಮೂರು ದಿನ ಹೋಯಿತು, ಅಷ್ಟರಲ್ಲಿ ಇಡೀ ಪ್ಯಾಚ್ ವಾಪಸ್ ಹೋಗಿತ್ತು. ಆ ಡ್ರೈವ್ ತನ್ನ ಟೈಮೌಟ್ ಅನ್ನು ತಾನೇ ಕಡಿಮೆ ಹೇಳಿಕೊಂಡಿತ್ತು. ಹಳೇ ಕೋಡ್ ಅದನ್ನು ಓದದೆ ಜಾಸ್ತಿ ಹೊತ್ತು ಕಾಯುತ್ತಿದ್ದರಿಂದ ಯಾರಿಗೂ ಗೊತ್ತಿರಲಿಲ್ಲ. ಹೀಗೂ ಆಗುತ್ತದೆ: ನಮ್ಮ ತಪ್ಪು ಡ್ರೈವ್‌ನ ತಪ್ಪನ್ನು ಮುಚ್ಚಿರುತ್ತದೆ. ಹಾಗಾಗಿ ಒಂದು ತಪ್ಪಿಗೆ ಒಂದು ಪ್ಯಾಚ್. ಪ್ರತಿಯೊಂದರ ವಿವರಣೆಯಲ್ಲೂ ಸ್ಪೆಕ್‌ನ ಯಾವ ಆವೃತ್ತಿ, ಯಾವ ಭಾಗ, ಯಾವ ವಾಕ್ಯ ಎಂದು ಬರೆಯಿರಿ. ‘ಷಲ್’ (ಕಡ್ಡಾಯ) ಇದೆಯೋ, ‘ಷುಡ್’ (ಶಿಫಾರಸು) ಇದೆಯೋ, ‘ಮೇ’ (ಐಚ್ಛಿಕ) ಇದೆಯೋ ಅನ್ನುವುದೂ ಇರಲಿ. ‘ಷಲ್’ ಮುರಿದಿದ್ದರೆ ಚರ್ಚೆ ಇಲ್ಲ, ಸರಿಪಡಿಸಬೇಕು. ‘ಮೇ’ ಇದ್ದ ಕಡೆ ಡ್ರೈವ್ ಎರಡೂ ರೀತಿ ನಡೆಯಬಹುದು, ಎರಡಕ್ಕೂ ಡ್ರೈವರ್ ಸಿದ್ಧ ಇರಬೇಕು. ಪ್ರತಿ ಪ್ಯಾಚ್ ಆದ ಮೇಲೂ ಹಳೇ ಮಾಡೆಲ್ ಮೇಲೆ ಪೂರ್ತಿ ಪರೀಕ್ಷೆ ಓಡಿಸಿ.

ಹಳೇ ಡ್ರೈವ್‌ಗಳಿಗೆ ಇನ್ನೊಂದು ಕಾಳಜಿ ಬೇಕು. ನೀವು ಓದುತ್ತಿರುವುದು ಹೊಸ ಸ್ಪೆಕ್ ಆದರೆ ಅದರ ಕಮಾಂಡ್‌ಗಳು 2011ರ 1.0 ಕಾಲದ ಡ್ರೈವ್‌ಗೆ ಹೊಸದು. ಐಡೆಂಟಿಫೈಯಲ್ಲಿ ‘ಏನು ಬೇಕು’ ಎಂದು ಕೇಳುವ ಫೀಲ್ಡ್ 1.0ರಲ್ಲಿ ಒಂದೇ ಬಿಟ್ ಇತ್ತು. ಆ ಒಂದು ಬಿಟ್ ಮಾತ್ರ ನೋಡುವ ಡ್ರೈವ್‌ಗೆ 2 ಕಳಿಸಿದರೆ ಅದು ಸೊನ್ನೆ ಎಂದು ಓದುತ್ತದೆ. ನೇಮ್‌ಸ್ಪೇಸ್ ಪಟ್ಟಿ ಕೇಳಿದ್ದಕ್ಕೆ ಬೇರೆಯದೇ ಡೇಟಾ ಕೊಡುತ್ತದೆ, ಎರರ್ ಇಲ್ಲದೆ. ಆವೃತ್ತಿ ರಿಜಿಸ್ಟರ್ ನೋಡಿ ಕೇಳಿ.

ಪರೀಕ್ಷೆಗೆ ಕ್ಯೂಇಎಂಯು, ಅಂದರೆ ಇಡೀ ಯಂತ್ರವನ್ನು ಸಾಫ್ಟ್‌ವೇರ್‌ನಲ್ಲಿ ಅನುಕರಿಸುವ ಪ್ರೋಗ್ರಾಂ, ಬಹಳ ಸಹಾಯ. ಅದರ ಎನ್‌ವಿಎಂಇ ಡಿವೈಸ್‌ನ ಎಂಡಿಟಿಎಸ್ ನೀವೇ ಬದಲಿಸಬಹುದು. 1, 2, 5 ಇಟ್ಟು ನೋಡಿ. ಅದರ ಕೋಡ್ ತೆರೆದದ್ದು, ಕಂಪ್ಲೀಶನ್‌ಗಳನ್ನು ಬೇಕೆಂದೇ ಹಿಂದುಮುಂದು ಮಾಡಿ ಕೊಡುವಂತೆ ತಿದ್ದಿದರೆ ನಿಮ್ಮ ಫ್ಲಷ್ ತಪ್ಪು ಮೇಜಿನ ಮೇಲೇ ಸಿಕ್ಕಿಬೀಳುತ್ತದೆ. ಆಮೇಲೆ ನಿಜವಾದ ಡ್ರೈವ್ ಮೇಲೆ ಪವರ್ ಕೀಳುವ ಪರೀಕ್ಷೆ. ಹಲವು ಥ್ರೆಡ್‌ಗಳಿಂದ ಕ್ರಮಸಂಖ್ಯೆ ಹಾಕಿದ ಬ್ಲಾಕ್‌ಗಳನ್ನು ಬರೆಯಿರಿ. ಫೈಲ್‌ಸಿಸ್ಟಮ್ ಕಳಿಸುವ ರೀತಿಯಲ್ಲೇ ಫ್ಲಷ್ ಕಳಿಸಿ, ಅದು ಮುಗಿಯಿತು ಎಂದ ಕೂಡಲೇ, ಆ ಫ್ಲಷ್‌ಗಿಂತ ಮೊದಲು ಕಳಿಸಿದ್ದ ಸಂಖ್ಯೆಗಳನ್ನು ನೆಟ್‌ವರ್ಕ್ ಮೂಲಕ ಬೇರೆ ಯಂತ್ರಕ್ಕೆ ತಿಳಿಸಿ. ದಾಖಲೆ ಅದೇ ಯಂತ್ರದಲ್ಲಿ ಇರಬಾರದು. ಯಾವುದೋ ಕ್ಷಣದಲ್ಲಿ ಡ್ರೈವ್‌ನ ಪವರ್ ಕೀಳಿ. ಬರೀ ರೀಬೂಟ್ ಸಾಲದು, ರೀಬೂಟ್‌ನಲ್ಲಿ ಡ್ರೈವ್‌ನ ಕರೆಂಟ್ ಸಾಮಾನ್ಯವಾಗಿ ಕಡಿದುಹೋಗುವುದೇ ಇಲ್ಲ. ಎದ್ದ ಮೇಲೆ, ಬೇರೆ ಯಂತ್ರಕ್ಕೆ ತಿಳಿಸಿದ ಒಂದು ಸಂಖ್ಯೆಯೂ ಡಿಸ್ಕ್‌ನಲ್ಲಿ ಕಾಣೆಯಾಗಿರಬಾರದು. ಇದನ್ನು ತಿದ್ದದ ಡ್ರೈವರ್ ಮೇಲೆ ಮೊದಲು ಓಡಿಸಿ, ತಪ್ಪು ಹಿಡಿಯುತ್ತದೆ ಎಂದು ಖಚಿತ ಮಾಡಿಕೊಳ್ಳಿ. ಆಮೇಲೆ ತಿದ್ದಿದ್ದರ ಮೇಲೆ ಅಷ್ಟೇ ಸಲ, ಸಾಧ್ಯವಾದರೆ ಅದರ ಹತ್ತು ಪಟ್ಟು ಓಡಿಸಿ. ಹಾಗೆ ಮಾಡಿದ ಮೇಲೂ ಸಂಖ್ಯೆ ಕಾಣೆಯಾದರೆ, ಆಗ ಡ್ರೈವ್ ತಯಾರಿಸಿದವರಿಗೆ ಆ 64 ಬೈಟ್, 16 ಬೈಟ್ ದಾಖಲೆಗಳ ಸಮೇತ ಬರೆಯಿರಿ. ಕ್ವರ್ಕ್ ಹಾಕುವ ಮಾತನ್ನೂ ಆಗ ಆಡೋಣ.